ಸಂದಿಗೆ ಜಾಗ ಕೊಡದ ಗೋಡೆ

ಟೈಲ್ಸ್ ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಅಳತೆ, ಕೊನೆಗೆ ಚದರಡಿಗೆ ಎಷ್ಟು ಎಂಬ ಚೌಕಾಸಿ. ಎರಡು ಟೈಲ್ಸ್ ನಡುವೆ ಎಷ್ಟು ಸಂದು ಬಿಡಬೇಕು ಎಂಬ ಮಾತು ಅಲ್ಲಿ ಬರುವುದೇ ಅಪರೂಪ. ಬಂದರೂ ಒಂದೇ ಬೇಡಿಕೆಯಾಗಿ ಬರುತ್ತದೆ: ಸಂದು ಕಾಣಬಾರದು. ಮೇಸ್ತ್ರಿ ಹಾಗೆಯೇ ಒತ್ತಿ ಕೂರಿಸುತ್ತಾರೆ, ವೈಟ್ ಸಿಮೆಂಟ್ ಸವರುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಲೆಕ್ಕ ಚುಕ್ತಾ ಆಗುತ್ತದೆ. ಗೃಹಪ್ರವೇಶ ಮುಗಿದು ಬಚ್ಚಲು ಬಳಕೆಗೆ ಬಂದ ಮೇಲೆ ದೂರುಗಳು ಏಳುತ್ತವೆ. ಒಂದು ಕಡೆ ಗೆರೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಸಂದಿಗೆ ತುಂಬಿದ ಗ್ರೌಟ್‌ನಲ್ಲಿ ಸೂಜಿಮೊನೆಯಷ್ಟು ತೂತುಗಳು. ಪಕ್ಕಪಕ್ಕದ ಟೈಲ್ಸ್ ಮೇಲೆ ಕೈಯಾಡಿಸಿದರೆ ಅಂಚು ಬೆರಳಿಗೆ ತಟ್ಟುತ್ತದೆ. ಕಿಟಕಿಯ ಬಳಿ ಕತ್ತರಿಸಿದ ತುಂಡಿನಲ್ಲಿ ಚಕ್ಕೆ ಎದ್ದು ಒಳಗಿನ ಮಣ್ಣು ಇಣುಕುತ್ತಿದೆ. ಇದನ್ನೆಲ್ಲ ‘ಕೆಲಸ ಕೆಟ್ಟಿತು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದು ನಮ್ಮ ರೂಢಿ. ಆದರೆ ಈ ದೋಷಗಳಲ್ಲಿ ಬಹುಪಾಲಿಗೆ ಬೇರು ಒಂದೇ. ಗೋಡೆಯ, ಟೈಲ್ಸಿನ, ಕೈಕೆಲಸದ ಹೆಚ್ಚುಕಡಿಮೆಯನ್ನೆಲ್ಲ ಹೊರಬೇಕಾದ ಜಾಗ ಸಂದು. ಆ ಜಾಗವನ್ನೇ ಕಿತ್ತುಕೊಂಡರೆ ಹೆಚ್ಚುಕಡಿಮೆ ಮಾಯವಾಗುವುದಿಲ್ಲ, ಟೈಲ್ಸಿನ ಅಂಚಿಗೆ ಹೋಗಿ ಕೂರುತ್ತದೆ. ದುರಸ್ತಿಯೂ ಆದ್ದರಿಂದ ಸಂದಿನಿಂದಲೇ ಶುರುವಾಗಬೇಕು, ಟೈಲ್ಸ್ ಕೀಳುವುದರಿಂದಲ್ಲ.

ಟೈಲ್ಸ್ ಮಣ್ಣಿನಿಂದ ಆದದ್ದು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಟ್ಟಾಗ ಅದು ಕುಗ್ಗುತ್ತದೆ. ಎಲ್ಲ ಬಿಲ್ಲೆಗಳೂ ಒಂದೇ ಸಮ ಕುಗ್ಗುವುದಿಲ್ಲ. ಅದಕ್ಕಾಗಿಯೇ ತಯಾರಿಕೆಯ ಮಾನದಂಡಗಳು ಅಳತೆ, ಅಂಚಿನ ನೇರ, ಮೇಲ್ಮೈಯ ಬಾಗು ಇವಕ್ಕೆಲ್ಲ ಇಷ್ಟರೊಳಗೆ ಹೆಚ್ಚುಕಡಿಮೆ ಇರಬಹುದು ಎಂದು ಮಿತಿ ಹಾಕಿವೆ; ಭಾರತದಲ್ಲಿ ಈ ಕೆಲಸ ಮಾಡುವುದು ಐಎಸ್ 15622. ಮಿತಿಯೊಳಗಿನ ವ್ಯತ್ಯಾಸವೂ ಗೋಡೆಯ ಮೇಲೆ ಕೂಡುತ್ತಾ ಹೋಗುತ್ತದೆ. ಎಂಟು ಅಡಿ ಎತ್ತರದ ಬಚ್ಚಲ ಗೋಡೆಗೆ ಒಂದಡಿ ಎತ್ತರದ ಎಂಟು ಟೈಲ್ಸ್ ಒಂದರ ಮೇಲೊಂದು ಏರುತ್ತವೆ ಎಂದುಕೊಳ್ಳಿ. ಪಕ್ಕದ ಕಂಬಸಾಲಿನ ಟೈಲ್ಸ್ ತಲಾ ಅರ್ಧ ಮಿಲಿಮೀಟರ್ ದೊಡ್ಡದಿದ್ದು, ಎರಡೂ ಸಾಲುಗಳನ್ನು ಸಂದಿಲ್ಲದೆ ಒತ್ತಿದರೆ, ಮೇಲಕ್ಕೆ ಹೋಗುವಷ್ಟರಲ್ಲಿ ಅಡ್ಡಗೆರೆಗಳು ನಾಲ್ಕು ಮಿಲಿಮೀಟರ್ ತಪ್ಪಿರುತ್ತವೆ. ನಾಲ್ಕು ಮಿಲಿಮೀಟರ್ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಅದೇ ಗೋಡೆಯಲ್ಲಿ ಎರಡು ಮಿಲಿಮೀಟರ್ ಸಂದು ಇದ್ದರೆ ಪ್ರತಿ ಸಂದೂ ಅರ್ಧ ಮಿಲಿಮೀಟರ್ ನುಂಗಿಕೊಂಡು ಗೆರೆ ನೇರವಾಗಿಯೇ ಉಳಿಯುತ್ತದೆ. ದರ್ಜಿ ಹೊಲಿಗೆಯ ಒಳಗೆ ಮಡಿಚಿ ಬಿಡುವ ಬಟ್ಟೆಯ ಕೆಲಸವನ್ನೇ ಸಂದು ಗೋಡೆಯಲ್ಲಿ ಮಾಡುತ್ತದೆ. ಅಮೆರಿಕದ ಟೈಲ್ಸ್ ಕೆಲಸದ ಮಾನದಂಡ ಇದನ್ನು ನೇರ ಲೆಕ್ಕಕ್ಕೇ ಇಳಿಸಿದೆ: ಟೈಲ್ಸ್ ಅಳತೆಯಲ್ಲಿ ನಿಜವಾಗಿ ಎಷ್ಟು ವ್ಯತ್ಯಾಸವಿದೆಯೋ ಅದರ ಕನಿಷ್ಠ ಮೂರು ಪಟ್ಟು ಸಂದು ಇರಬೇಕು, ಎಂಥ ಟೈಲ್ಸ್ ಆದರೂ ಒಂದಿಂಚಿನ ಹದಿನಾರನೆಯ ಒಂದು ಭಾಗಕ್ಕಿಂತ, ಅಂದರೆ ಸುಮಾರು 1.6 ಮಿ.ಮೀ.ಗಿಂತ ಕಡಿಮೆ ಆಗಕೂಡದು. ಬ್ರಿಟನ್ನಿನ ಬಿಎಸ್ 5385 ಒಳಗೋಡೆಗೆ 2 ಮಿ.ಮೀ. ಹೇಳುತ್ತದೆ. ಸುಟ್ಟ ಮೇಲೆ ಅಂಚನ್ನು ಯಂತ್ರದಲ್ಲಿ ಉಜ್ಜಿ ಅಳತೆಗೆ ತಂದ ರೆಕ್ಟಿಫೈಡ್ ಟೈಲ್ಸ್‌ಗೆ ವ್ಯತ್ಯಾಸ ಕಡಿಮೆ, ನಿಜ. ಆದರೆ ಅವಕ್ಕೂ ಈ ಕನಿಷ್ಠ ಮಿತಿಯಿಂದ ವಿನಾಯಿತಿ ಇಲ್ಲ, ಏಕೆಂದರೆ ಅಂಚನ್ನು ಉಜ್ಜಿದ ಮಾತ್ರಕ್ಕೆ ಬಿಲ್ಲೆಯ ಬಾಗು ಹೋಗುವುದಿಲ್ಲ.

ಇನ್ನು ಗೋಡೆಯ ವಿಚಾರ. ನಮ್ಮಲ್ಲಿ ಇಟ್ಟಿಗೆ ಅಥವಾ ಬ್ಲಾಕ್ ಗೋಡೆಗೆ ಒರಟು ಸಾರಣೆ ಆದ ಮೇಲೆ ಟೈಲ್ಸ್ ಬರುತ್ತದೆ. ‘ಹೇಗೂ ಟೈಲ್ಸ್ ಹಾಕುತ್ತಾರಲ್ಲ’ ಎಂದು ಆ ಸಾರಣೆಯನ್ನು ತೂಗುಗುಂಡು ಹಿಡಿಯದೆ ಮುಗಿಸುವುದು ಸಾಮಾನ್ಯ. ಬ್ರಿಟಿಷ್ ಮಾನದಂಡದ ಪ್ರಕಾರ ಎರಡು ಮೀಟರ್ ಉದ್ದದ ಮಟ್ಟಗೋಲು ಇಟ್ಟರೆ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಇರಬಾರದು. ಒರಟು ಸಾರಣೆಯ ಮೇಲೆ ಮಟ್ಟಗೋಲು ಇಟ್ಟು ನೋಡುವ ಪದ್ಧತಿ ಎಷ್ಟು ಮನೆಗಳಲ್ಲಿದೆ? ಹಿಂದೆ ಇದು ಅಷ್ಟಾಗಿ ಕಾಡುತ್ತಿರಲಿಲ್ಲ, ಟೈಲ್ಸ್ ಚಿಕ್ಕದಿತ್ತು. ಇಂಚಿನ ಲೆಕ್ಕದ 8×12 ಟೈಲ್ಸ್ ಆದರೆ 100 ಚದರಡಿ ಗೋಡೆಗೆ 150 ಬೇಕು, ಅವುಗಳ ನಡುವೆ ಸುಮಾರು 250 ಅಡಿ ಸಂದು ಹರಡಿರುತ್ತದೆ. ಈಗ ಎಲ್ಲರೂ ಕೇಳುವ 12×24 ಟೈಲ್ಸ್ 50 ಸಾಕು, ಸಂದು ಸುಮಾರು 150 ಅಡಿಗೆ ಇಳಿಯುತ್ತದೆ. ಗೋಡೆಯ ಡೊಂಕು ಅಷ್ಟೇ ಇದೆ, ಅದನ್ನು ಹಂಚಿಕೊಳ್ಳುವ ಗೆರೆ ಮಾತ್ರ ಐದರಲ್ಲಿ ಎರಡು ಪಾಲು ಕಡಿಮೆಯಾಗಿದೆ. ಚಿಕ್ಕ ಬಿಲ್ಲೆ ಉಬ್ಬಿನ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಗುತ್ತಿತ್ತು. ಎರಡಡಿ ಉದ್ದದ ಬಿಲ್ಲೆ ತಿರುಗದು, ಅದರ ಒಂದು ಮೂಲೆ ಪಕ್ಕದ್ದಕ್ಕಿಂತ ಮುಂದೆ ಚಾಚಿಕೊಳ್ಳುತ್ತದೆ. ಉದ್ದ ಟೈಲ್ಸಿಗೆ ನಡುವೆ ಸ್ವಲ್ಪ ಉಬ್ಬುವ ಸ್ವಭಾವವೂ ಇದೆ. ಹೀಗಿರುವಾಗ ಇಟ್ಟಿಗೆ ಕಟ್ಟಿದಂತೆ ಒಂದರ ನಡುಭಾಗಕ್ಕೆ ಇನ್ನೊಂದರ ತುದಿ ಬರುವ ವಿನ್ಯಾಸ ಮಾಡಿದರೆ ಉಬ್ಬಿದ ಜಾಗಕ್ಕೆ ತಗ್ಗಿದ ಜಾಗ ಎದುರಾಗುತ್ತದೆ. ಉದ್ದ ಟೈಲ್ಸ್‌ಗೆ ಅರ್ಧದ ಬದಲು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸಬೇಡಿ ಎಂದು ಅಮೆರಿಕದ ಮಾನದಂಡ ಹೇಳುವುದು ಇದಕ್ಕೇ. ಅಂಚು ಎದ್ದಿದೆ ಎಂದು ಮೇಸ್ತ್ರಿಯ ಕೈಯನ್ನು ದೂರುವ ಮುನ್ನ ಸಾರಣೆ ಮಾಡಿದ್ದು ಯಾರು, ವಿನ್ಯಾಸ ಆರಿಸಿದ್ದು ಯಾರು ಎಂದು ಕೇಳಿಕೊಳ್ಳುವುದು ನ್ಯಾಯ.

ಸಂದು ಅಗಲವಾದರೆ ಕೊಳೆ ಕೂರುತ್ತದೆ, ಕಪ್ಪಾಗುತ್ತದೆ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಮನೆ ಒರೆಸುವವರ ಅನುಭವದಿಂದ ಬಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕೊಳೆ ಹಿಡಿಯುವುದು ಸಂದು ಎರಡು ಮಿಲಿಮೀಟರ್ ಇರುವುದರಿಂದಲ್ಲ, ಅದರೊಳಗೆ ತುಂಬಿದ್ದು ಪೊಳ್ಳಾಗಿರುವುದರಿಂದ. ನಮ್ಮಲ್ಲಿ ಗೋಡೆ ಟೈಲ್ಸ್ ಕೂರಿಸುವ ಹಳೆಯ ಪದ್ಧತಿ ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲೇ ಇದೆ: 12 ಮಿ.ಮೀ. ದಪ್ಪದ 1:3 ಗಾರೆಯ ಹಾಸು, ಅದರ ಮೇಲೆ ಬೂದು ಸಿಮೆಂಟ್ ಹಾಲು, ಕೊನೆಗೆ ಹೊಂದುವ ಬಣ್ಣ ಬೆರೆಸಿದ ವೈಟ್ ಸಿಮೆಂಟ್‌ನಿಂದ ಸಂದು ಮುಚ್ಚುವುದು. ಟೈಲ್ಸನ್ನು ಒತ್ತಿದಾಗ ಆ ಬೂದು ಹಾಲು ಸಂದಿನೊಳಗೆ ಉಕ್ಕಿ ಬರುತ್ತದೆ. ಅದು ಹಸಿಯಾಗಿರುವಾಗಲೇ ಕೆರೆದು ತೆಗೆಯಬೇಕು. ತೆಗೆಯದೆ ಬಿಟ್ಟರೆ ಗಟ್ಟಿಯಾಗಿ, ಮೇಲೆ ಉಳಿಯುವುದು ಅರ್ಧ ಮಿಲಿಮೀಟರ್ ಆಳ. ಅಷ್ಟು ತೆಳ್ಳಗಿನ ಜಾಗಕ್ಕೆ ಸವರಿದ ವೈಟ್ ಸಿಮೆಂಟ್ ಸಿಪ್ಪೆಯಾಗುತ್ತದೆ, ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ, ಕೆಳಗಿನ ಬೂದು ಬಣ್ಣ ಅಲ್ಲಲ್ಲಿ ಮೇಲೆದ್ದು ಗೋಡೆ ಮಾಸಿದಂತೆ ಕಾಣುತ್ತದೆ. ಕೂದಲೆಳೆಯಷ್ಟು ಸಂದು ಇರುವ ಕಡೆಯಂತೂ ಒಳಗೆ ಏನೂ ಇಳಿದೇ ಇರುವುದಿಲ್ಲ, ಮೇಲ್ಗಡೆ ಒಂದು ಗೆರೆ ಎಳೆದಂತಿರುತ್ತದೆ ಅಷ್ಟೆ. ಕೊಳೆ ಸೇರಿ ಕಪ್ಪಾಗುವುದು ಇಂಥ ಅರ್ಧಂಬರ್ಧ ಸಂದುಗಳೇ. ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಪಾಲಾದರೂ ಆಳಕ್ಕೆ ತುಂಬಿದ, ನಯವಾಗಿ ಒತ್ತಿದ ಎರಡು ಮಿಲಿಮೀಟರ್ ಗೆರೆಯನ್ನು ವಾರಕ್ಕೊಮ್ಮೆ ಮೃದು ಬ್ರಷ್ಷಿನಿಂದ ಉಜ್ಜಿದರೆ ಸಾಕು.

ತುಂಬುವ ಕೆಲಸದಲ್ಲಿ ಆಗುವ ತಪ್ಪುಗಳಿಗೆ ಕಾರಣ ಹೆಚ್ಚಾಗಿ ನೀರು. ಗ್ರೌಟ್ ಪುಡಿಗೆ ಚೀಲದ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಹಾಕಿದರೆ ಸವರಲು ಸಲೀಸು. ಆ ಹೆಚ್ಚಿನ ನೀರು ಆರಿದಾಗ ಅದಿದ್ದ ಜಾಗ ಖಾಲಿಯಾಗುತ್ತದೆ, ಗ್ರೌಟ್ ಕುಗ್ಗಿ ಅಂಚಿನಿಂದ ಬಿಡುತ್ತದೆ, ಸೂಜಿತೂತು ಬೀಳುತ್ತದೆ. ಡ್ರಿಲ್ ಯಂತ್ರಕ್ಕೆ ಕಡ್ಡಿ ಸಿಕ್ಕಿಸಿ ಜೋರಾಗಿ ಕಲಸಿದರೂ ಗಾಳಿ ಸೇರಿ ಅದೇ ತೂತು. ಒರೆಸುವ ಸ್ಪಂಜು ತೊಟ್ಟಿಕ್ಕುತ್ತಿದ್ದರೆ ಮೇಲ್ಪದರದ ಸಿಮೆಂಟೂ ಬಣ್ಣವೂ ತೊಳೆದುಹೋಗುತ್ತವೆ. ಒಂದೇ ಗೋಡೆಯಲ್ಲಿ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಬಣ್ಣ ಕಾಣುವುದು ಹೀಗೆ. ವೈಟ್ ಸಿಮೆಂಟಿಗೆ ಕೈಯಳತೆಯಲ್ಲಿ ಬಣ್ಣ ಬೆರೆಸಿದರೆ ಬೆಳಗಿನ ಬಾಂಡ್ಲಿಗೂ ಸಂಜೆಯ ಬಾಂಡ್ಲಿಗೂ ಹೊಂದುವುದೇ ಇಲ್ಲ. ಇನ್ನೊಂದು ತಪ್ಪು ಅವಸರದ್ದು. ಹಿಂದಿನ ಗಾರೆ ಅಥವಾ ಅಂಟು ಆರುವ ಮುಂಚೆ ಸಂದು ಮುಚ್ಚಿದರೆ ಒಳಗಿನ ತೇವ ಹೊರಬರಲು ಸಂದನ್ನೇ ದಾರಿ ಮಾಡಿಕೊಳ್ಳುತ್ತದೆ, ಬರುವಾಗ ಉಪ್ಪನ್ನೂ ಹೊತ್ತು ತಂದು ಬಿಳಿ ಪುಡಿಯಾಗಿ ಬಿಡುತ್ತದೆ. ಇವುಗಳಲ್ಲಿ ಯಾವುದೂ ಟೈಲ್ಸಿನ ದೋಷವಲ್ಲ. ಯಾವುದಕ್ಕೂ ಟೈಲ್ಸ್ ಕೀಳಬೇಕಾಗಿಲ್ಲ.

ಹಾಗಾದರೆ ಮುಗಿದ ಗೋಡೆಯನ್ನು ನೋಡುವುದು ಹೇಗೆ? ಕಣ್ಣಿಗೆ ಕಾಣುವ ದೋಷ, ನೀರಿಗೆ ದಾರಿ ಕೊಡುವ ದೋಷ ಎಂದು ಎರಡಾಗಿ ಬೇರ್ಪಡಿಸುವುದು ಮೊದಲ ಕೆಲಸ. ಟೈಲ್ಸಿನ ಮೇಲ್ಮೈ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10545 ಹೇಳುವ ವಿಧಾನ ಇಲ್ಲಿ ನೆರವಾಗುತ್ತದೆ: 300 ಲಕ್ಸ್ ಬೆಳಕಿನಲ್ಲಿ ಒಂದು ಮೀಟರ್ ದೂರದಿಂದ ಬರಿಗಣ್ಣಲ್ಲಿ ನೋಡಬೇಕು. ಕಾರ್ಖಾನೆಯಿಂದ ಬಂದ ಟೈಲ್ಸ್‌ಗೇ ಇದು ಸಾಕೆಂದಾದರೆ, ಕೈಯಿಂದ ಕೂರಿಸಿದ ಗೋಡೆಗೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೆರಳು ಹುಡುಕುವುದು ಸರಿಯಾದ ತೀರ್ಪಲ್ಲ. ಓರೆ ಬೆಳಕು ಅರ್ಧ ಮಿಲಿಮೀಟರನ್ನೂ ಬೆಟ್ಟ ಮಾಡಿ ತೋರಿಸುತ್ತದೆ. ಗೋಡೆಗೆ ಅಂಟಿಕೊಂಡಂತೆ ಎಲ್‌ಇಡಿ ಪಟ್ಟಿ ಹಾಕಿಸಿಕೊಂಡು ಆಮೇಲೆ ಅಂಚು ಎದ್ದು ಕಾಣುತ್ತದೆ ಎಂದು ಕೊರಗುವವರು ದೀಪವನ್ನು ಒಂದಡಿ ಆಚೆ ಸರಿಸಿ ನೋಡಬೇಕು. ಎರಡು ಟೈಲ್ಸ್ ಅಂಚಿನ ಮಟ್ಟದಲ್ಲಿ ಸುಮಾರು 0.8 ಮಿ.ಮೀ. ಅಂತರ, ಅದರ ಮೇಲೆ ಟೈಲ್ಸಿನ ಸ್ವಂತ ಬಾಗು, ಇಷ್ಟನ್ನು ಅಮೆರಿಕದ ಮಾನದಂಡವೇ ಒಪ್ಪುತ್ತದೆ. ಬ್ರಿಟಿಷರದು 1 ಮಿ.ಮೀ. ಆದರೆ ಷವರ್ ಕೆಳಗಿನ ಗೋಡೆಯ ಸಂದಿನಲ್ಲಿ ಸೂಜಿತೂತು, ನಲ್ಲಿಯ ಕೊಳವೆ ಹೊರಬರುವ ಜಾಗದಲ್ಲಿ ತೆರೆದ ಅಂಚು, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಬಿರುಕು, ಅಡುಗೆಮನೆಯಲ್ಲಿ ಗ್ರಾನೈಟ್ ಕಟ್ಟೆಯೂ ಗೋಡೆ ಟೈಲ್ಸೂ ಕೂಡುವ ಗೆರೆಯಲ್ಲಿ ಬಿಟ್ಟ ಬಾಯಿ, ಇವು ಎಷ್ಟೇ ಚಿಕ್ಕದಿದ್ದರೂ ದೊಡ್ಡ ದೋಷಗಳೇ. ಒಂದು ಮೀಟರ್ ದೂರದಿಂದ ಕಾಣುವುದಿಲ್ಲ ಎಂದು ಇವನ್ನು ಬಿಡುವಂತಿಲ್ಲ.

ನೀರು ತಡೆಯುವುದು ವಾಟರ್‌ಪ್ರೂಫಿಂಗ್ ಪದರವೇ ಹೊರತು ಗ್ರೌಟ್ ಅಲ್ಲ, ಆದ್ದರಿಂದ ಸಂದಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ತಿಳಿದವರೇ ಕೇಳುತ್ತಾರೆ. ಮಾತಿನ ಮೊದಲ ಭಾಗ ಸರಿ. ಸಿಮೆಂಟ್ ಗ್ರೌಟ್ ತೇವವನ್ನು ಹೀರುತ್ತದೆ, ಅದು ತಡೆಗೋಡೆಯಲ್ಲ. ಆದರೆ ನಮ್ಮ ಎಷ್ಟೋ ಮನೆಗಳ ಬಚ್ಚಲಲ್ಲಿ ಆ ಪದರ ನೆಲಕ್ಕೆ ಹಚ್ಚಿ, ಗೋಡೆಯ ಮೇಲೆ ಒಂದಡಿಯಷ್ಟು ಏರಿಸಿ ನಿಲ್ಲಿಸಿರುತ್ತಾರೆ. ಷವರ್ ನೀರು ನೇರವಾಗಿ ಬಡಿಯುವ ಎತ್ತರದಲ್ಲಿ ಟೈಲ್ಸಿನ ಹಿಂದೆ ಬರಿ ಸಾರಣೆ. ಅಲ್ಲಿ ಸಂದು ತೆರೆದಿದ್ದರೆ ದಿನವೂ ಇಳಿಯುವ ನೀರು ಗೋಡೆಯ ಆಚೆಗೆ, ಬಹಳ ಸಲ ಮಲಗುವ ಕೋಣೆಯ ಬೀರು ಇರುವ ಕಡೆಗೇ ಹೋಗಿ, ಬಣ್ಣ ಗುಳ್ಳೆ ಎದ್ದು ಉದುರುವುದರಲ್ಲಿ ಕಾಣಿಸಿಕೊಳ್ಳುತ್ತದೆ. ಪದರ ಪೂರ್ತಿ ಇದ್ದ ಮನೆಯಲ್ಲೂ ಟೈಲ್ಸ್ ಹಿಂದೆ ನಿಂತ ನೀರು ಬೂಸ್ಟು, ವಾಸನೆ, ಉಪ್ಪಿಗೆ ದಾರಿ ಮಾಡುತ್ತದೆ. ಪದರವನ್ನು ಹೊಸದಾಗಿ ಹಾಕಲು ಟೈಲ್ಸ್ ಕೀಳಬೇಕು. ಸಂದನ್ನು ಮಾತ್ರ ಹೊರಗಿನಿಂದಲೇ ಸರಿಮಾಡಬಹುದು. ಮುಗಿದ ಗೋಡೆಯಲ್ಲಿ ಅದು ಹೆಚ್ಚು ಮುಖ್ಯವಾಗುವುದು ಇದಕ್ಕೇ.

ಇಲ್ಲಿಯವರೆಗೆ ಹೇಳಿದ ದೋಷಗಳಿಗಿಂತ ಹೆಚ್ಚಿನ ಹಾನಿ ಆಗುವುದು ಕೆಲಸ ಮುಗಿದ ಮರುವಾರ, ‘ಆಸಿಡ್ ವಾಶ್’ ಹೆಸರಿನಲ್ಲಿ. ಟೈಲ್ಸ್ ಮೇಲೆ ಉಳಿದ ಸಿಮೆಂಟ್ ಮಬ್ಬನ್ನು ತೆಗೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಆಸಿಡ್ ಸುರಿದು ಉಜ್ಜುವುದು ಬೆಂಗಳೂರಿನಿಂದ ಹಿಡಿದು ಊರೂರಿನಲ್ಲೂ ಗೃಹಪ್ರವೇಶದ ಸಿದ್ಧತೆಯ ಭಾಗವೇ ಆಗಿಬಿಟ್ಟಿದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣದ ಅಂಶವೂ ಸುಣ್ಣ-ಸಿಲಿಕಾ ಕೂಡಿದ ಅಂಟೂ ಹುಟ್ಟುತ್ತವೆ. ಗ್ರೌಟ್‌ಗೆ ಬಲ ಬರುವುದು ಅವುಗಳಿಂದಲೇ. ಆಮ್ಲ ಇವೆರಡನ್ನೂ ಕರಗಿಸುತ್ತದೆ. ಟೈಲ್ಸಿನ ಗಾಜುಮೈಗೆ ಅದು ತಟ್ಟುವುದು ಕಡಿಮೆ, ಹಾಗಾಗಿ ಗೋಡೆ ಥಳಥಳ ಹೊಳೆಯುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಸಂದಿನೊಳಗೆ ಮಾತ್ರ ಸುರಿದ ಪ್ರತಿ ಹನಿಯೂ ಗ್ರೌಟನ್ನು ತಿಂದಿರುತ್ತದೆ. ಇನ್ನೂ ವಾರವೂ ಆಗದ ಎಳೆ ಗ್ರೌಟ್‌ಗೆ ಇದು ಬಿದ್ದರೆ ಅದು ಮರಳಾಗಿ ಉದುರುವುದು ನಿಶ್ಚಿತ. ಆ ಆಮ್ಲದ ಹೊಗೆ ಸ್ಟೇನ್‌ಲೆಸ್ ಸ್ಟೀಲ್ ನಲ್ಲಿ, ಜಾಲರಿಗಳ ಮೇಲೆ ಕಂದು ಚುಕ್ಕೆ ಬರಿಸುತ್ತದೆ, ಉಜ್ಜುವವರ ಕಣ್ಣು-ಗಂಟಲಿಗೂ ಕೆಡುಕು. ಬೋರ್‌ವೆಲ್‌ನ ಗಡಸು ನೀರು ಬರುವ ಬಡಾವಣೆಗಳಲ್ಲಿ ಇದೇ ತಪ್ಪು ತಿಂಗಳು ತಿಂಗಳೂ ನಡೆಯುತ್ತದೆ: ನೀರಿನ ಸುಣ್ಣ ಸಂದಿನ ಮೇಲೆ ಬೆಳ್ಳಗೆ ಕೂರುತ್ತದೆ, ಅದನ್ನು ಗ್ರೌಟ್ ಕೆಟ್ಟಿದೆ ಎಂದು ತಿಳಿದು ಆಸಿಡ್ ಹಾಕುತ್ತಾರೆ, ಆಗ ಗ್ರೌಟ್ ನಿಜವಾಗಿಯೂ ಕೆಡುತ್ತದೆ. ಮಬ್ಬು ತೆಗೆಯಲು ಗ್ರೌಟ್ ಗಟ್ಟಿಯಾಗುವವರೆಗೆ ಕಾಯಬೇಕು, ಮೊದಲು ಒಣ ಬಟ್ಟೆಯಲ್ಲಿ ತಿಕ್ಕಬೇಕು. ಅದಕ್ಕೂ ಬಗ್ಗದಿದ್ದರೆ ಸಲ್ಫಾಮಿಕ್ ಆಮ್ಲದಂಥ ಸೌಮ್ಯ ಪುಡಿಯನ್ನು ತಿಳಿಯಾಗಿ ಕದಡಿ, ಮೊದಲು ಸಂದುಗಳನ್ನು ನೀರಿನಿಂದ ತೋಯಿಸಿ, ಆಮೇಲೆ ಟೈಲ್ಸ್ ಮೇಲಷ್ಟೇ ಹಚ್ಚಿ ಕೂಡಲೇ ತೊಳೆಯಬೇಕು. ಮಾರ್ಬಲ್ ಅಥವಾ ಸುಣ್ಣಕಲ್ಲು ಇರುವ ಕಡೆ ಯಾವ ಆಮ್ಲವೂ ಬೇಡ.

ಸಂದು ದುರಸ್ತಿಯ ವಿಷಯದಲ್ಲೂ ಅಡ್ಡದಾರಿಗಳೇ ಹೆಚ್ಚು. ಉದುರಿದ ಗ್ರೌಟ್ ಮೇಲೆಯೇ ಮತ್ತೊಂದು ಪದರ ವೈಟ್ ಸಿಮೆಂಟ್ ಸವರುವುದು ಅವುಗಳಲ್ಲಿ ಮೊದಲನೆಯದು. ತೆಳು ಪದರ ಹಳೆಯದಕ್ಕೆ ಹಿಡಿಯುವುದಿಲ್ಲ, ಮುಂದಿನ ಬೇಸಿಗೆಯೊಳಗೆ ಅದೂ ಉದುರುತ್ತದೆ. ಹಳೆಯದನ್ನು ಕನಿಷ್ಠ ಎರಡು ಮಿಲಿಮೀಟರ್, ಸಾಧ್ಯವಾದರೆ ಇನ್ನೂ ಆಳಕ್ಕೆ ಕೆರೆದು ತೆಗೆಯಲೇಬೇಕು. ಕೆರೆಯಲು ಕಟಿಂಗ್ ಮಶಿನ್ ಹಿಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ಅದರ ಬಿಲ್ಲೆ ಎರಡು ಮಿಲಿಮೀಟರ್ ಸಂದಿನಲ್ಲಿ ಸ್ವಲ್ಪ ಅಲುಗಿದರೂ ಟೈಲ್ಸ್ ಅಂಚು ಚಕ್ಕೆ ಏಳುತ್ತದೆ. ಸಂದಿನ ದೋಷ ಸರಿಮಾಡಲು ಹೋಗಿ ಅಂಚಿನ ದೋಷ ತಂದುಕೊಂಡಂತೆ. ಕೈಯಲ್ಲಿ ಹಿಡಿಯುವ ಗ್ರೌಟ್ ಗರಗಸ ನಿಧಾನ, ಆದರೆ ಅದೇ ಸರಿ. ಕೆರೆದ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಸಂದನ್ನು ಸ್ವಲ್ಪ ತೇವ ಮಾಡಿ, ಗಟ್ಟಿ ಹದಕ್ಕೆ ಕಲಸಿದ ಗ್ರೌಟನ್ನು ರಬ್ಬರ್ ಹಲಗೆಯಿಂದ ಸಂದಿಗೆ ಓರೆಯಾಗಿ ಒತ್ತಬೇಕು. ಮೂರು ಮಿಲಿಮೀಟರ್‌ವರೆಗಿನ ಸಂದಿಗೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲಕ್ಕೆ ಮರಳಿರುವುದು. ಇಷ್ಟಾದರೂ ಸರಿಪಡಿಸಿದ ಜಾಗದ ಬಣ್ಣ ಉಳಿದದ್ದಕ್ಕೆ ಹೊಂದುವುದು ಕಷ್ಟ. ತೇಪೆ ಹಾಕುವ ಬದಲು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ ಗೋಡೆಯನ್ನೇ ಮಾಡಿಸಿದರೆ ವ್ಯತ್ಯಾಸ ಮೂಲೆಯಲ್ಲಿ ಅಡಗುತ್ತದೆ. ಗ್ರೌಟ್ ಗಟ್ಟಿ ಇದ್ದು ಬಣ್ಣ ಮಾತ್ರ ಕಲೆಕಲೆಯಾಗಿದ್ದರೆ ಕೆರೆಯುವ ಗೋಜೇ ಬೇಡ, ಸಂದಿಗೆಂದೇ ಬರುವ ಬಣ್ಣದ ಲೇಪ ಸಾಕು. ಎರಡು ಗೋಡೆ ಸೇರುವ ಒಳಮೂಲೆ, ಗೋಡೆ-ನೆಲ ಸೇರುವ ಗೆರೆ, ಕಟ್ಟೆ-ಗೋಡೆ ಸೇರುವ ಗೆರೆ ಇವಕ್ಕೆ ಗ್ರೌಟ್ ಹಾಕುವುದೇ ತಪ್ಪು. ಎರಡು ಮೈಗಳು ಬಿಸಿಲು, ತೇವ, ಭಾರಕ್ಕೆ ಬೇರೆ ಬೇರೆಯಾಗಿ ಮಿಸುಕುವ ಜಾಗ ಅದು, ಗಡಸು ಸಿಮೆಂಟ್ ಅಲ್ಲಿ ಬಿರುಕು ಬಿಡಲೇಬೇಕು. ಅಲ್ಲಿಗೆ ಬೂಸ್ಟು ತಡೆಯುವ ಸಿಲಿಕೋನ್ ಬೇಕು, ಅದೂ ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ಬಗೆಯದು. ಕಲ್ಲಿಗೂ ಕನ್ನಡಿಯ ಹಿಂಬದಿಗೂ ಅದು ಕೆಡುಕು ಮಾಡದು. ಹಳೆಯ ಸಿಲಿಕೋನ್ ಮೇಲೆ ಹೊಸದು ಅಂಟುವುದಿಲ್ಲ, ಕಿತ್ತು ಒಣಗಿಸಿಯೇ ಹಾಕಬೇಕು.

ಎಪಾಕ್ಸಿ ಹಾಕಿಸಿದರೆ ಎಲ್ಲ ಮುಗಿಯಿತಲ್ಲ ಎನ್ನುವವರಿದ್ದಾರೆ. ಎಪಾಕ್ಸಿ ಗ್ರೌಟ್ ನೀರು ಹೀರದು, ಅರಿಶಿನ, ಎಣ್ಣೆಯ ಕಲೆಯನ್ನು ಸುಲಭಕ್ಕೆ ಹಿಡಿಯದು, ಮನೆಯ ಸಾಮಾನ್ಯ ಆಮ್ಲಗಳಿಗೂ ಜಗ್ಗದು. ಒಲೆಯ ಹಿಂದಿನ ಗೋಡೆಗೆ, ಷವರ್ ಜಾಗಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ಸಂದಿನ ಅಳತೆಯನ್ನು ತಿದ್ದುವುದಿಲ್ಲ. ಕೂದಲೆಳೆ ಸಂದಿನೊಳಗೆ ಜೇನಿಗಿಂತ ಗಟ್ಟಿಯಾದ ಆ ಅಂಟು ಇಳಿಯುವುದೇ ಇಲ್ಲ, ಸಿಮೆಂಟ್ ಸಿಪ್ಪೆಯ ಜಾಗದಲ್ಲಿ ಎಪಾಕ್ಸಿ ಸಿಪ್ಪೆ ಬಂದಂತಾಗುತ್ತದೆ. ಹಾಕಿದ ಸ್ವಲ್ಪ ಹೊತ್ತಿನಲ್ಲೇ ಒರೆಸದಿದ್ದರೆ ಅದರ ಮಬ್ಬು ಒರಟು ಮೈಯ ಟೈಲ್ಸ್ ಮೇಲೆ ಶಾಶ್ವತವಾಗಿ ಕೂರುತ್ತದೆ. ಗಟ್ಟಿಯಾದ ಮೇಲೆ ಕೆರೆಯುವುದಂತೂ ಸಿಮೆಂಟಿಗಿಂತ ಎಷ್ಟೋ ಕಷ್ಟ. ಒಳಗೆ ತೇವ ಉಳಿದಿರುವ ಗೋಡೆಗೆ ಎಪಾಕ್ಸಿಯಿಂದ ಬಿರಡೆ ಹಾಕಿದರೆ ಆ ತೇವ ಬೇರೆ ಕಡೆ ದಾರಿ ಹುಡುಕುತ್ತದೆ. ಒಳ್ಳೆಯ ಸಂದು ಇರುವ ಗೋಡೆಗೆ ಎಪಾಕ್ಸಿ ಒಳ್ಳೆಯದು, ಕೆಟ್ಟ ಸಂದಿನ ಗೋಡೆಗೆ ಅದು ಖರ್ಚು ಮಾತ್ರ.

ಅಂಚಿಗೆ ಬರೋಣ. ಗೋಡೆಗೆಂದೇ ಬರುವ ಸೆರಾಮಿಕ್ ಟೈಲ್ಸ್ ನೀರನ್ನು ತನ್ನ ತೂಕದ ಶೇ 10ಕ್ಕೂ ಮೀರಿ ಹೀರಬಲ್ಲ ಮೆದು ಮಣ್ಣಿನದು, ಮೇಲೆ ಗಾಜಿನ ತೆಳು ಪದರ. ಒಣ ಬಿಲ್ಲೆ ಹಾಕಿದ ಕಟಿಂಗ್ ಮಶಿನ್‌ನಿಂದ ಅವಸರದಲ್ಲಿ ಕೊಯ್ದರೆ ಗಾಜು ಗರಗರ ಚಕ್ಕೆ ಏಳುತ್ತದೆ, ಕೆಂಪು ಅಥವಾ ಬಿಳಿ ಮಣ್ಣು ಕಾಣುತ್ತದೆ. ನೀರು ಹರಿಸುತ್ತಾ ಕೊಯ್ಯುವ ಯಂತ್ರ, ಹೊಸ ವಜ್ರದ ಬಿಲ್ಲೆ, ಗಾಜುಮೈ ಮೇಲಾಗಿ ಇಡುವುದು, ಇಷ್ಟು ಸಾಕು ಅರ್ಧ ತೊಂದರೆ ತಪ್ಪಲು. ಹೊರಮೂಲೆಯಲ್ಲಿ ಎರಡು ಟೈಲ್ಸನ್ನು 45 ಡಿಗ್ರಿ ಓರೆ ಕೊಯ್ದು ಸೇರಿಸುವುದು ಈಗ ಎಲ್ಲರ ಆಸೆ. ಮೆದು ಸೆರಾಮಿಕ್‌ನಲ್ಲಿ ಆ ಮೊನೆ ಕಾಗದದಷ್ಟು ತೆಳುವಾಗುತ್ತದೆ, ಬಕೆಟ್ ತಗುಲಿದರೆ ಒಡೆಯುತ್ತದೆ, ಒಡೆದದ್ದು ಮಕ್ಕಳ ಕೈ ಕೊಯ್ಯುತ್ತದೆ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಪಟ್ಟಿಯನ್ನು ಟೈಲ್ಸ್ ಹಾಕುವಾಗಲೇ ಅಡಿಯಲ್ಲಿ ಕೂರಿಸುವುದು ಹೆಚ್ಚು ಬಾಳುವ ದಾರಿ. ಕೆಲಸ ಮುಗಿದ ಮೇಲೆ ಎಚ್ಚರಗೊಂಡವರಿಗೂ ಉಪಾಯವಿದೆ: ತೆಳ್ಳಗಿನ ಎಲ್ ಆಕಾರದ ಪಟ್ಟಿಯನ್ನು ಸಿಲಿಕೋನ್‌ನಿಂದ ಮೂಲೆಯ ಮೇಲೆ ಅಂಟಿಸಬಹುದು. ಸಣ್ಣ ಚಕ್ಕೆಗೆ ಬಣ್ಣ ಬೆರೆಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಮಟ್ಟ ಮಾಡಿದರೆ ಒಂದು ಮೀಟರ್ ದೂರಕ್ಕೆ ತಿಳಿಯದು. ಕೈಗೆ ಚುಚ್ಚುವ ಮೊನೆಯನ್ನು ವಜ್ರದ ಉಜ್ಜುಪ್ಯಾಡಿನಿಂದ ನೀರು ಹಾಕಿ ಮೆಲ್ಲಗೆ ಮುರಿಯಬೇಕು, ಗಾಜುಮೈ ಕಡೆಯಿಂದ ಮಣ್ಣಿನ ಕಡೆಗೆ. ಎದ್ದು ನಿಂತ ಅಂಚನ್ನು ಉಜ್ಜಿ ಸಮಮಾಡುತ್ತೇನೆ ಎಂದು ಹೊರಡುವುದು ಮಾತ್ರ ಬೇಡ, ಗಾಜು ಹೋದ ಮೇಲೆ ಅಲ್ಲಿ ನೀರೂ ಕೊಳೆಯೂ ಇಂಗುತ್ತವೆ.

ಅಂಚಿನ ಹಿಂದೆ ಇನ್ನೊಂದು ದೋಷ ಅಡಗಿರಬಹುದು, ಇದನ್ನು ನಾನು ಎಲ್ಲಕ್ಕಿಂತ ಗಂಭೀರ ಎಂದು ಎಣಿಸುತ್ತೇನೆ. ಟೈಲ್ಸಿನ ಹಿಂಬದಿಗೆ ಪೂರ್ತಿ ಗಾರೆ ಹಚ್ಚದೆ ನಾಲ್ಕೈದು ಮುದ್ದೆ ಇಟ್ಟು ಗೋಡೆಗೆ ಒತ್ತಿದರೆ ಡೊಂಕು ಗೋಡೆಯಲ್ಲೂ ಬೇಗ ಮಟ್ಟ ಸಿಗುತ್ತದೆ. ಆದರೆ ಅಂಚು, ಮೂಲೆಗಳ ಹಿಂದೆ ಖಾಲಿ ಉಳಿಯುತ್ತದೆ. ನಾಣ್ಯದಿಂದ ತಟ್ಟಿದರೆ ಪೊಳ್ಳು ಸದ್ದು ಬರುವುದು ಅಲ್ಲೇ, ಕನ್ನಡಿಗೆಂದು ಡ್ರಿಲ್ ಇಟ್ಟಾಗ ಒಡೆಯುವುದೂ ಅಲ್ಲೇ. ಶೇ 0.5ರಷ್ಟೂ ನೀರು ಹೀರದ ವಿಟ್ರಿಫೈಡ್ ಟೈಲ್ಸನ್ನು ಗೋಡೆಗೆ ಬರಿ ಸಿಮೆಂಟ್ ಹಾಲಿನಿಂದ ಹಚ್ಚಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸಿಮೆಂಟ್ ಬೇರು ಬಿಡಲು ಅದರಲ್ಲಿ ರಂಧ್ರಗಳೇ ಇಲ್ಲ. ಅದಕ್ಕೆಂದೇ ಐಎಸ್ 15477ಕ್ಕೆ ಒಪ್ಪುವ ಅಂಟುಗಳಿವೆ. ಅಲ್ಲೊಂದು ಇಲ್ಲೊಂದು ಮೂಲೆ ಪೊಳ್ಳಾಗಿದ್ದರೆ ಬಿಡಬಹುದು. ಪೂರ್ತಿ ಬಿಲ್ಲೆಯೇ ಪೊಳ್ಳು ಸದ್ದು ಮಾಡುತ್ತಾ ಸಂದಿನಲ್ಲಿ ಬಿರುಕೂ ಇದ್ದರೆ, ಅದೂ ತಲೆಯ ಎತ್ತರಕ್ಕಿಂತ ಮೇಲಿದ್ದರೆ, ಅದನ್ನು ಕೀಳಲೇಬೇಕು. ಕೀಳಬೇಕು ಎಂದು ನಾನು ಒಪ್ಪುವ ಸಂದರ್ಭ ಇದೊಂದೇ. ಅದಕ್ಕಾಗಿಯಾದರೂ ಅದೇ ಬ್ಯಾಚಿನ ಒಂದು ಪೆಟ್ಟಿಗೆ ಟೈಲ್ಸ್ ಅಟ್ಟದಲ್ಲಿ ಉಳಿಸಿಕೊಂಡಿರಬೇಕು, ಮುಂದಿನ ಬ್ಯಾಚಿನ ಬಣ್ಣವೂ ಅಳತೆಯೂ ಹೊಂದುವುದಿಲ್ಲ.

ದುಡ್ಡು ಕೊಟ್ಟವರು ಯಾಕೆ ಸಹಿಸಬೇಕು ಎಂಬ ಪ್ರಶ್ನೆ ಉಳಿದಿದೆ, ಅದು ಸಣ್ಣದಲ್ಲ. ಸಾಲ ಮಾಡಿ ಕಟ್ಟಿದ ಮನೆಯ ಗೋಡೆ ಡೊಂಕಾದರೆ ನೋವಾಗುವುದು ಸಹಜ. ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಸರಿಯಾದದ್ದನ್ನು ಕೇಳಿ ಎನ್ನುತ್ತಿದ್ದೇನೆ. ಗೋಡೆ ಪೂರ್ತಿ ಕಿತ್ತು ಮಾಡಿಕೊಡಿ ಎಂಬ ಜಗಳದಲ್ಲಿ ಗೆದ್ದರೂ ಕೀಳುವಾಗ ವಾಟರ್‌ಪ್ರೂಫಿಂಗ್ ಪದರ ಹರಿಯುತ್ತದೆ, ಗೋಡೆಯೊಳಗಿನ ಸಿಪಿವಿಸಿ ಪೈಪಿಗೆ ಪೆಟ್ಟು ಬೀಳುತ್ತದೆ, ಅವಸರದ ಎರಡನೇ ಕೆಲಸ ಮೊದಲಿನದಕ್ಕಿಂತ ಕೆಟ್ಟದಾಗುವ ಸಾಧ್ಯತೆಯೇ ಹೆಚ್ಚು. ಅದರ ಬದಲು ಷವರ್ ಗೋಡೆಯ ಸಂದು ಕೆರೆದು ತುಂಬಿ, ಒಳಮೂಲೆಗಳಿಗೆ ಸಿಲಿಕೋನ್ ಹಾಕಿ, ಪೊಳ್ಳು ಬಿಲ್ಲೆ ಬದಲಿಸಿ, ಚೂಪು ಅಂಚಿಗೆ ಪಟ್ಟಿ ಕೊಡಿ ಎಂದು ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ತೋರಿಸಿದರೆ ಒಳ್ಳೆಯ ಮೇಸ್ತ್ರಿ ನಿರಾಕರಿಸುವುದು ಅಪರೂಪ. ಫ್ಲ್ಯಾಟ್ ಕೊಂಡವರಿಗೆ ಕಾನೂನಿನ ಬಲವೂ ಇದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಿ, ಕೆಲಸಗಾರಿಕೆಯಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಹಣ ಪಡೆಯದೆ ಸರಿಪಡಿಸಬೇಕು. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವರಿಗೆ ಈ ಸೆಕ್ಷನ್ ಸಿಗುವುದಿಲ್ಲ, ಅವರಿಗೆ ತಾವೇ ಬರೆದುಕೊಂಡ ಕರಾರೇ ಆಧಾರ.

ಆ ಕರಾರಿನಲ್ಲಿ ಸಂದಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಟೈಲ್ಸ್ ಕೆಲಸಕ್ಕೆ ಚದರಡಿ ಲೆಕ್ಕದಲ್ಲಿ ಕೂಲಿ, ಸಂದು ತುಂಬುವುದು ಅದರಲ್ಲೇ ಸೇರಿತು. ದಿನಕ್ಕೆ ಎಷ್ಟು ಚದರಡಿ ಹಾಕಿದರೋ ಅಷ್ಟು ಸಂಪಾದನೆ ಎಂದಾದಾಗ, ಉಕ್ಕಿದ ಸಿಮೆಂಟ್ ಕೆರೆಯಲು, ಗೋಡೆ ಆರಲು ಕಾಯಲು, ಸ್ಪಂಜು ಹಿಂಡಿ ಹಿಂಡಿ ಒರೆಸಲು ಕಳೆದ ಗಂಟೆಗಳೆಲ್ಲ ಕೆಲಸಗಾರರ ಕಿಸೆಯಿಂದಲೇ ಹೋಗುತ್ತವೆ. ಊರು ಬಿಟ್ಟು ಬಂದು, ಕಟ್ಟುತ್ತಿರುವ ಮನೆಯಲ್ಲೇ ಮಲಗಿ, ಮುಂದಿನ ಸೈಟಿಗೆ ಓಡಬೇಕಾದವರಿಂದ ಆ ಗಂಟೆಗಳನ್ನು ಬಿಟ್ಟಿಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ. ಈ ಕುಶಲತೆಗೆ ಬೆಲೆ ಇಲ್ಲವೆಂದೂ ಅಲ್ಲ, ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲಿ ಗೋಡೆ-ನೆಲದ ಟೈಲ್ಸ್ ಕೆಲಸವೇ ಒಂದು ವಿಭಾಗ. ನಮ್ಮಲ್ಲೇ 45 ಡಿಗ್ರಿ ಕಟಿಂಗ್‌ಗೆ, ಅಂಚು ಪಾಲಿಶ್‌ಗೆ ರನ್ನಿಂಗ್ ಅಡಿ ಲೆಕ್ಕದಲ್ಲಿ ಬೇರೆ ದರ ಕೊಡುವ ರೂಢಿ ಆಗಲೇ ಇದೆ. ಸಂದಿಗೂ ಹಾಗೆಯೇ ಬರೆದುಕೊಳ್ಳಬಹುದು: ಅಗಲ 2 ಮಿ.ಮೀ., ಸಂದಿನ ಅಗಲ ಕಾಯುವ ಸ್ಪೇಸರ್ ಕಡ್ಡಾಯ, ಸಾರಣೆ ಮಟ್ಟಗೋಲಿನಲ್ಲಿ ನೋಡಿದ ಮೇಲೆಯೇ ಟೈಲ್ಸ್ ಶುರು, ಉಕ್ಕಿದ ಸಿಮೆಂಟ್ ಅಂದಂದೇ ಕೆರೆಯುವುದು, ಗೋಡೆ ಆರಿದ ಮೇಲೆ ಗ್ರೌಟ್, ಆಸಿಡ್ ಬೇಡ. ಗ್ರೌಟ್ ಕೆಲಸಕ್ಕೆ ಪ್ರತ್ಯೇಕ ದರ, 12×24 ಟೈಲ್ಸಿನ 100 ಚದರಡಿಗೆ 150 ರನ್ನಿಂಗ್ ಅಡಿ ಎಂದು ಎಣಿಸಿ. ಆ ಬಾಬ್ತಿನ ಹಣವನ್ನು ಟೈಲ್ಸ್ ಕೂಲಿಯ ಜೊತೆ ಬೆರೆಸದೆ, ಗ್ರೌಟ್ ಗಟ್ಟಿಯಾಗಿ, ಒಂದು ಮೀಟರ್ ದೂರದಿಂದ ಇಬ್ಬರೂ ಒಟ್ಟಿಗೆ ನಿಂತು ನೋಡಿದ ದಿನ ಕೊಡುವುದು.